ಬೈಯುವ ದರ್ಜಿ
ಬೆಟ್ಟದಲ್ಲಿ ಸಿಕ್ಕಿಬಿದ್ದವರನ್ನು ಇಳಿಸಿ ತರುವ ನಮ್ಮ ತಂಡದ ದರ್ಜಿಯಣ್ಣನಿಗೆ ಸಂಬಳವಿಲ್ಲ, ಬೈಯುವ ಹಕ್ಕಿದೆ. ಫೋನ್ ಬಂತೆಂದರೆ ಒಂದೇ ತೋಳು ಹೊಲಿದ ಅಂಗಿಯನ್ನು ಗಿರಾಕಿಯ ಕೈಗಿಟ್ಟು, ಹಗ್ಗ ಹೆಗಲಿಗೇರಿಸಿ ಹೊರಡುತ್ತಾನೆ. ಕಾಲು ಮುರಿದುಕೊಂಡವರನ್ನು ಸ್ಟ್ರೆಚರಿಗೆ ಕಟ್ಟುವಾಗ ಶುರುವಾದ ಬೈಗುಳ ತಪ್ಪಲು ಮುಟ್ಟುವವರೆಗೂ ನಿಲ್ಲುವುದಿಲ್ಲ: "ಚಪ್ಪಲಿ ಹಾಕ್ಕೊಂಡು ಬರೋಕೆ ಇದೇನು ನಿಮ್ಮ ಮಾವನ ಮನೇನಾ?" ಸ್ವಂತ ಭಾವಮೈದುನನನ್ನು ಹೊತ್ತು ತಂದ ದಿನ ಮದುವೆ ಕಾಲದ ಸಿಟ್ಟನ್ನೂ ಸೇರಿಸಿ ಬೈದ. ಕೆಳಗೆ ಕಾಯುವ ಮನೆಯವರು ದಾರಿ ನೋಡುವುದಿಲ್ಲ, ಕಿವಿಗೊಟ್ಟು ಕೂರುತ್ತಾರೆ; ತಿರುವಿನಾಚೆ ಬೈಗುಳ ಕೇಳಿಸಿದರೆ ಯಾರಾದರೂ ಎದ್ದು ಚಹಾಕ್ಕೆ ನೀರಿಡುತ್ತಾರೆ. ಮೊನ್ನೆ ಮಂಜಿನೊಳಗಿಂದ ಕೇಳಿಸಿದ್ದು ಬೂಟುಗಳ ಸದ್ದು ಮಾತ್ರ. ಮಗನಿಗಾಗಿ ಕಾದಿದ್ದ ತಾಯಿ ಸ್ಟ್ರೆಚರಿನತ್ತ ನೋಡಲಿಲ್ಲ. ದರ್ಜಿಯಣ್ಣನ ತೋಳು ಹಿಡಿದು, "ಒಂದ್ ಮಾತಾದ್ರೂ ಬೈಯಪ್ಪಾ ಅವನಿಗೆ," ಎಂದಳು.