ತಂತಿ ಮಡಿಯೊಳಗದ

ಮೊನ್ನೆ ಸಂಜೆ ಗಾಳಿಮಳೆಗೆ ಕರೆಂಟ್ ಹೋಯಿತು. ಆಗಷ್ಟೇ ಕೈ ತೊಳೆದುಕೊಂಡು ಬಂದಿದ್ದ ನಮ್ಮ ಯಜಮಾನರು ಒದ್ದೆ ಕೈಯಲ್ಲೇ ಸ್ಟೂಲು ಹತ್ತಿ ಫ್ಯೂಜಿಗೆ ಕೈ ಚಾಚಿದರು. ನನ್ನ ಬಾಯಿಂದ ಹೊರಟದ್ದು ಒಂದೇ ಮಾತು: "ಮಡಿ!" ತಟ್ಟನೆ ಎರಡೂ ಕೈ ಮೇಲೆತ್ತಿ ನಿಂತುಬಿಟ್ಟರು. ಎಪ್ಪತ್ತರ ಹತ್ತಿರದ ಮನುಷ್ಯ ಹಾಗೆ ನಿಂತದ್ದು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಫ್ಯೂಜಿಗೆಂಥ ಮಡಿ ಅಂತೀರಾ? ಹೇಳುತ್ತೇನೆ. ಅಲ್ಲಿಯವರೆಗೆ ಅವರು ಹಾಗೇ ನಿಂತಿರಲಿ.

ನನ್ನ ತವರು ಶಹಾಬಾದ. ಆಗಿನ್ನೂ ನಾವು ಹೈದರಾಬಾದ ರಾಜ್ಯದವರು. ಓಣಿಗೆ ಕಂಬ ಬಂದು ನಮ್ಮ ಮನೆಯಲ್ಲಿ ಎರಡು ಬಲ್ಬು ಹತ್ತುತ್ತಿದ್ದವು. ಎರಡಕ್ಕೇ ನಮಗೆ ಕೋಡು ಮೂಡಿತ್ತು. ಮನೆಯ ಕಾರುಬಾರೆಲ್ಲ ಅಪ್ಪನ ಅಕ್ಕನದು, ನಮ್ಮ ಅತ್ಯಾನದು. ಎಳೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಬೆಳಗ್ಗೆ ಎದ್ದರೆ ಮಡಿ. ನಾನು ಓಡಿಹೋಗಿ ತೆಕ್ಕೆಗೆ ಬೀಳಬೇಕೆಂದಾಗಲೆಲ್ಲ "ಮಡಿಯೊಳಗಿದ್ದೀನವಾ, ದೂರ ನಿಂದ್ರು" ಅನ್ನುವಳು. ಆ ಮಾತಿನ ಮೇಲೆ ನನಗಿದ್ದ ಸಿಟ್ಟು ಅಷ್ಟಿಷ್ಟಲ್ಲ.

ನನ್ನ ಮದುವೆ ವೈಶಾಖದಲ್ಲಿ, ಗೋಧೂಳಿ ಮುಹೂರ್ತಕ್ಕೆ. ಅಪ್ಪ ಹಂದರಕ್ಕೆ ಬಲ್ಬಿನ ಸರ ಹಾಕಿಸಿದ್ದರು. ಮದುವೆಗಿಂತ ಆ ಸರ ಹತ್ತುವುದನ್ನು ನೋಡಲು ಬಂದವರೇ ಹೆಚ್ಚು. ಸುಳ್ಳೇಕೆ, ನನಗೂ ವರನಿಗಿಂತ ಬಲ್ಬಿನದೇ ಧ್ಯಾನ. ನಾಲ್ಕು ಗಂಟೆಗೆ ಗಾಳಿ ಎದ್ದಿತು. ಹಂದರದ ಬಟ್ಟೆಯನ್ನು ಕಿತ್ತು ಬೇವಿನ ಮರಕ್ಕೆ ಉಡಿಸಿತು. ಮಳೆ ಬಂತು, ಕರೆಂಟ್ ಹೋಯಿತು. ಬೇವಿನ ಟೊಂಗೆಯೊಂದು ಮುರಿದು, ಕಂಬದ ತಂತಿಯನ್ನೂ ಹರಿದುಕೊಂಡು ಓಣಿಗೆ ಅಡ್ಡ ಬಿತ್ತು.

ಮಳೆ ನಿಲ್ಲುತ್ತಲೇ ವಾಜಂತ್ರಿಯ ಓಲಗ ಕೇಳಿಸಿತು. ಬೀಗರು ಬಂದೇಬಿಟ್ಟರು! ಬಾಸಿಂಗ ಕಟ್ಟಿಕೊಂಡ ನಾನು ಕಿಟಕಿಗೆ ಅಂಟಿಕೊಂಡಿದ್ದೆ. ಓಣಿಯ ನೀರಿನಲ್ಲಿ ತಂತಿ, ಅದರಾಚೆ ವರ, ಮುಹೂರ್ತಕ್ಕೆ ಇನ್ನು ಕಾಲು ತಾಸು. ವರನ ಸೋದರಮಾವ ಚಿತ್ತಾಪುರದ ಕಚೇರಿಯಲ್ಲಿ ಪೇಷ್ಕಾರ, ಎಲ್ಲ ಬಲ್ಲವರು.

"ಕರೆಂಟ್ ಹೋಗ್ಯಾದಲ್ಲ, ಸತ್ತ ತಂತಿ ಅದು. ತಡೀರಿ, ನಾ ಸರಸ್ತೀನಿ" ಎಂದು ಧೋತರ ಎತ್ತಿ ಹೊರಟರು. ಅವರ ಹಿಂದೆಯೇ ವರನೂ ಕಾಲೆತ್ತಿದ.

ವಿಧವೆ ಎದುರಿಗೆ ಬರಬಾರದೆಂದು ಒಳಗೇ ಉಳಿದಿದ್ದ ಅತ್ಯಾ ಬಾಗಿಲಿಗೆ ಓಡಿ ಬಂದಳು. "ನಿಂದ್ರಿ! ಮುಟ್ಟಬ್ಯಾಡ್ರಿ!" ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅತ್ಯಾ ಎದೆ ತುಂಬ ಉಸಿರೆಳೆದುಕೊಂಡು ಕೂಗಿದಳು: "ತಂತಿ ಮಡಿಯೊಳಗದ!"

ಎತ್ತಿದ ಕಾಲು ಎತ್ತಿದಂತೆಯೇ ನಿಂತವು. ಹುಟ್ಟಿದಾಗಿನಿಂದ ಆ ಮಾತಿಗೆ ಸರಿದು ಸರಿದು ರೂಢಿಯಾದ ಕಾಲುಗಳು. ತಲೆ ವಿಚಾರ ಮಾಡುವ ಮೊದಲೇ ಹಿಂದೆ ಸರಿದವು. ವಾಜಂತ್ರಿಯವರೂ ನಾಲ್ಕು ಹೆಜ್ಜೆ ಸರಿದರು.

"ತಂತಿಗೆಂಥಾ ಮಡಿರೀ?" ಅಂದರು ಪೇಷ್ಕಾರರು, ತಮ್ಮ ಮೇಲೆ ತಾವೇ ಸಿಟ್ಟಾಗಿ.

"ಹೋಗೂಮುಂದ ಅದು ಹೇಳಿ ಹೋಗ್ಯಾದೇನು? ಮತ್ತ ಬರೂಮುಂದ ಹೇಳಿ ಬರ್ತದೇನು?"

ಅತ್ಯಾ ಹೀಗೆ ಅನ್ನುವಷ್ಟರಲ್ಲೇ ಓಣಿಯ ತುದಿಯ ದೀಪ ಹತ್ತಿತು. ನೀರಿನಲ್ಲಿ ತಂತಿ ಚಟಚಟ ಸಿಡಿಯಿತು. ಆ ನೀಲಿ ಕಿಡಿಯ ಬೆಳಕಿನಲ್ಲೇ ನಾನು ನನ್ನ ಗಂಡನ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿದ್ದು. ಬಾಯಿ ತೆರೆದಿತ್ತು, ಕಣ್ಣುಗುಡ್ಡೆ ಹೊರಬಂದಿದ್ದವು. ಜೀವದಿಂದಿದ್ದರಲ್ಲ, ಭಾಳ ಚೆಲುವರಾಗಿ ಕಂಡರು.

ಪವರ್ ಹೌಸಿನವರನ್ನು ಕರೆಯಲು ಯಾರೋ ಓಡಿದರು. ಮುಹೂರ್ತ ಕಾಯುತ್ತದೆಯೇ? ಅತ್ಯಾ ಹಿತ್ತಲಿನಿಂದ ಸುತ್ತು ಹಾಕಿ ಹೋಗಿ, ವರನ ಕೈ ಗಟ್ಟಿಯಾಗಿ ಹಿಡಿದು, ದನದ ಕೊಟ್ಟಿಗೆಯೊಳಗಿಂದ ಕರೆತಂದಳು. ಜರಿ ಧೋತರಕ್ಕೆ ಸಗಣಿ, ಬಾಸಿಂಗದ ತುಂಬ ಹೊಟ್ಟು.

"ಅತ್ಯಾ, ಮಡಿ ಕೆಡ್ತು!" ಅಂದೆ.

"ಕೆಡ್ಲಿ ಬಿಡವಾ. ಇನ್ನೊಂದು ಕೊಡ ನೀರು ಹಾಕ್ಕೋತೀನಿ. ಇನ್ನೊಬ್ಬ ಅಳಿಯ ಎಲ್ಲಿ ಸಿಗ್ತಾನ?" ಅಂದವಳು ನನ್ನನ್ನೂ ಎಳೆದು ತೆಕ್ಕೆಗೆ ಹಾಕಿಕೊಂಡಳು. ಮಡಿ ಸೀರೆಯಲ್ಲಿ ಅವಳು ನನ್ನನ್ನು ಅಪ್ಪಿಕೊಂಡದ್ದು ಅದೇ ಮೊದಲು. ನನ್ನ ಸಿಟ್ಟು ಅವತ್ತೇ ಎಲ್ಲೋ ಬಿದ್ದುಹೋಯಿತು. ಬಲ್ಬು ನೋಡಲು ಬಂದವರು ಎಣ್ಣೆದೀಪದಲ್ಲಿ ಮದುವೆ ನೋಡಿಕೊಂಡು ಹೋದರು.

"ನಾ ಇನ್ನ ಇಳೀಲೇನು? ಕೈ ನೋಯ್ಲಿಕತ್ಯಾವ" ಎಂದು ಸ್ಟೂಲಿನ ಮೇಲಿಂದ ದನಿ ಬಂತು. ಆ ಒದ್ದೆ ಕೈ ಹಿಡಿದು ಇಳಿಸಿದೆ. ಇಳಿದ ಮೇಲೂ ಬಿಡಲಿಲ್ಲ. ಅಷ್ಟರಲ್ಲಿ ದೀಪ ತಾನೇ ಹತ್ತಿತು.

"ಕರೆಂಟ್ ಬಂತಲ್ಲ, ಇನ್ನ ಕೈ ಬಿಡು" ಅಂದರು.

"ಮತ್ತ ಹೋಗೂಮುಂದ ಹೇಳಿ ಹೋಗ್ತದೇನ್ರೀ?" ಅಂದೆ.