ಒಲೆ ಹಚ್ಚದ ಭಾನುವಾರ

ನಮ್ಮ ಮನೆಯಲ್ಲಿ ಭಾನುವಾರ ವಿಶ್ರಾಂತಿಯ ದಿನ. ಆ ವಿಶ್ರಾಂತಿಗಾಗಿ ಶನಿವಾರ ಅವ್ವ ಸಾಯುತ್ತಿದ್ದಳು. ಹೆಚ್ಚು ಹೇಳುತ್ತಿದ್ದೇನೆ ಅನ್ನಿಸಿದರೆ, ಹೊಸಪೇಟೆಯ ಬೇಸಿಗೆಯಲ್ಲಿ, ತಗಡಿನ ಸೂರಿನ ಕೆಳಗೆ ಕೂತು, ಎರಡು ದಿನಕ್ಕಾಗುವಷ್ಟು ಜೋಳದ ರೊಟ್ಟಿ ಬಡಿದು ನೋಡಿ.

ಶನಿವಾರ ಸಂಜೆಯ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಒಲೆ ಆರಬೇಕು. ಮತ್ತೆ ಹತ್ತುವುದು ಸೋಮವಾರ ಬೆಳಿಗ್ಗೆಯೇ. ಅದು ಅಪ್ಪನ ಕಟ್ಟಳೆ. ಭಾನುವಾರಕ್ಕೆಂದು ಅವ್ವ ರೊಟ್ಟಿಯನ್ನು ಬೆಂಕಿಯ ಮಗ್ಗುಲಲ್ಲಿಟ್ಟು ಕಟಕ್ಕೆನ್ನುವಂತೆ ಒಣಗಿಸುತ್ತಿದ್ದಳು. ಶೇಂಗಾ ಚಟ್ನಿಪುಡಿ ಕುಟ್ಟುತ್ತಿದ್ದಳು, ಹಳಸಬಾರದೆಂದು ಬದನೆಕಾಯಿ ಪಲ್ಯವನ್ನು ನೀರು ಹಾಕದೆ ಎಣ್ಣೆಯಲ್ಲೇ ಬೇಯಿಸುತ್ತಿದ್ದಳು. ಆಮೇಲೆ ಎಲ್ಲರ ಬಟ್ಟೆಗೆ ಇಸ್ತ್ರಿ. ಭಾನುವಾರ ಇಸ್ತ್ರಿ ಇಲ್ಲ, ಕಸಬರಿಗೆ ಇಲ್ಲ, ಅಂಗಡಿ ಇಲ್ಲ, ಬಸ್ಸು ಆಟೋ ಇಲ್ಲ. ಗುಡಿಸಲಾರದ ಕಸದ ನಡುವೆ ಕೂತು ನಾವು ಪರಿಶುದ್ಧರಾಗುತ್ತಿದ್ದೆವು.

ನಮ್ಮ ಚರ್ಚಿನ ಸಭೆಯಲ್ಲಿ ಬೇರೆ ಯಾರೂ ಹೀಗೆ ಮಾಡುತ್ತಿರಲಿಲ್ಲ. ಆರಾಧನೆ ಮುಗಿದ ಮೇಲೆ ಎಲ್ಲರೂ ಕೋಳಿ ಅಂಗಡಿಯ ದಾರಿ ಹಿಡಿಯುತ್ತಿದ್ದರು. ಅಪ್ಪ ಅವರನ್ನು ‘ಬಿರಿಯಾನಿ ಭಕ್ತರು’ ಎನ್ನುತ್ತಿದ್ದ. ಅಯ್ಯನವರು, ಅಂದರೆ ನಮ್ಮ ಪಾಸ್ಟರು, ಭಾನುವಾರವೇ ಬೈಕಿಗೆ ಪೆಟ್ರೋಲ್ ಹಾಕಿಸುತ್ತಾರೆಂಬುದೂ ಅವನಿಗೆ ಗೊತ್ತಿತ್ತು. ಬೀದಿಯಲ್ಲಿ ಹಂಪಿಗೆ ಹೋಗುವ ಪ್ರವಾಸಿಗರ ಗಾಡಿಗಳು ಹಾರ್ನ್ ಹೊಡೆಯುತ್ತಾ ಹೋದರೆ, ಅವರೆಲ್ಲರ ಪಾಪವೂ ತನ್ನ ಲೆಕ್ಕಕ್ಕೇ ಬರುತ್ತದೆಂಬಂತೆ ಹುಬ್ಬು ಗಂಟಿಕ್ಕಿ ಬಾಗಿಲು ಮುಚ್ಚಿಸುತ್ತಿದ್ದ. ಬೈಬಲ್ಲಿನಲ್ಲಿ ಇಸ್ರಾಯೇಲರು ಅರಣ್ಯದಲ್ಲಿದ್ದಾಗ ಸಬ್ಬತ್ತೆಂಬ ವಿಶ್ರಾಂತಿಯ ದಿನ ಕಟ್ಟಿಗೆ ಆರಿಸಿದ ಒಬ್ಬನನ್ನು ಜನ ಕಲ್ಲೆಸೆದು ಕೊಂದರಲ್ಲ, ಆ ಕತೆ ಅವನಿಗೆ ಬಹಳ ಪ್ರಿಯವಾಗಿತ್ತು. ಊಟಕ್ಕೆ ಕೂತಾಗ ಹೇಳುತ್ತಿದ್ದ. ನಾವು ಒಣರೊಟ್ಟಿ ಮುರಿಯುತ್ತಾ ಕೇಳುತ್ತಿದ್ದೆವು.

ಹಾಗಂತ ಅಪ್ಪನನ್ನು ಢೋಂಗಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ನಾನು ಸಣ್ಣವಳಿದ್ದಾಗ ಅವನು ಸಂಡೂರಿನ ಕಡೆಯ ಒಂದು ಗಣಿಯಲ್ಲಿ ಅದಿರಿನ ಲಾರಿಗಳ ತೂಕ ಹಾಕುವ ಕೆಲಸದಲ್ಲಿದ್ದ. ಲಾರಿಗಳಿಗೆ ಹಗಲು ರಾತ್ರಿ ಇಲ್ಲದ ಕಾಲ ಅದು. ಭಾನುವಾರ ಬರುವುದಾದರೆ ಬಾ, ಇಲ್ಲವಾದರೆ ಮನೆಗೆ ಹೋಗು ಎಂದರು. ಮನೆಗೆ ಬಂದ. ಆಮೇಲೆ ಹೊಸಪೇಟೆಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ತೂಗುತ್ತಾ ವಯಸ್ಸು ಕಳೆದ. ಆರು ದಿನ ಶುಂಠಿ ಹಾಕಿದ ಗಟ್ಟಿ ಚಹಾ ಇಲ್ಲದೆ ಅವನಿಗೆ ಗಂಟೆ ಸರಿಯುತ್ತಿರಲಿಲ್ಲ. ಭಾನುವಾರ ಮಾತ್ರ ತಲೆನೋವಿನಿಂದ ಹಣೆಗೆ ಟವೆಲ್ ಬಿಗಿದುಕೊಂಡು ಕೂರುತ್ತಿದ್ದನೇ ಹೊರತು ಚಹಾ ಕೇಳುತ್ತಿರಲಿಲ್ಲ. ಢೋಂಗಿಯಾಗಿದ್ದರೆ ನಮಗೆ ಎಷ್ಟೋ ಸುಖವಿತ್ತು. ಢೋಂಗಿಗಳು ಬಾಗಿಲು ಹಾಕಿಕೊಂಡ ಮೇಲೆ ಚಹಾ ಕುಡಿಯುತ್ತಾರೆ, ಹೆಂಡತಿಗೂ ಒಂದು ಲೋಟ ಕೊಡುತ್ತಾರೆ.

ನಮ್ಮ ಓಣಿಗೆ ನಳದ ನೀರು ದಿನಾ ಬರುವುದಿಲ್ಲ. ಬಂದ ದಿನ ಹಬ್ಬ. ಕೊಡ, ಬಕೆಟ್ಟು, ಡ್ರಮ್ಮು ಎಲ್ಲವೂ ಬೀದಿಗೆ ಬರುತ್ತವೆ. ಭಾನುವಾರ ನೀರು ಬಂದರೆ ಅವ್ವ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು, ಅಷ್ಟೇ. ಒಂದು ಬೇಸಿಗೆಯ ಭಾನುವಾರ ಎದುರುಮನೆಯ ಲಿಂಗಾಯತರ ಅಕ್ಕ ಮರುಕಪಟ್ಟು, ನಮ್ಮ ಎರಡು ಕೊಡ ತುಂಬಿ, ತಾನೇ ಹೊತ್ತು ತಂದು ಕಟ್ಟೆಯ ಮೇಲಿಟ್ಟಳು.

“ನೀವು ಮುಟ್ಟಬ್ಯಾಡ್ರಿ ಅಕ್ಕಾರ, ನಾ ತುಂಬೀನಿ. ನನಗೇನು ಪಾಪ ಬರೂದಿಲ್ಲ” ಎಂದು ನಕ್ಕಳು.

ಅಪ್ಪ ಹೊರಗೆ ಬಂದ. ಆ ಅಕ್ಕನಿಗೆ ಕೈಮುಗಿದ. ಅವಳು ತನ್ನ ಮನೆಯೊಳಗೆ ಹೋಗುವವರೆಗೂ ಕಾದು, ಕಾಲಿನಿಂದ ಎರಡೂ ಕೊಡ ಉರುಳಿಸಿದ.

“ಇನ್ನೊಬ್ರ ಕೈಲೆ ಮಾಡ್ಸಿದ್ರೂ ನಾವ ಮಾಡ್ದಂಗ. ಮನಿಗೆ ಬಂದ ಪರದೇಶಿನೂ ಅವತ್ತ ಕೆಲ್ಸ ಮಾಡಬಾರ್ದು ಅಂತ ಐತಿ” ಎಂದ.

ಕೈಯಿಂದ ಚೆಲ್ಲಿದ್ದರೆ ಅದೂ ಕೆಲಸವಾಗುತ್ತಿತ್ತೋ ಏನೋ. ನೀರು ಬೀದಿಯ ಕೆಂಪು ಧೂಳಿನಲ್ಲಿ ಇಂಗಿಹೋಯಿತು. ಆ ವಾರ ಮತ್ತೆ ನಳ ಬರುವವರೆಗೂ ಅವ್ವ ಕಾಲುವೆಯಿಂದ ನೀರು ಹೊತ್ತಳು. ಎದುರುಮನೆಯ ಅಕ್ಕನಿಗೆ ಮುಖ ತೋರಿಸಲಾಗದೆ ಸುತ್ತುಹಾಕಿಕೊಂಡು ಹೋಗುತ್ತಿದ್ದಳು.

ಇಷ್ಟನ್ನು ಅವ್ವ ಸಹಿಸಿದಳು. ಸಹಿಸುವುದರಲ್ಲಿ ಅವಳಿಗೆ ಒಂದು ಬಗೆಯ ಹಟವಿತ್ತು. ಅದು ಮುರಿದದ್ದು ಕಂಪ್ಲಿಯ ಸುದ್ದಿ ಬಂದ ದಿನ.

ಅವ್ವನ ತವರು ಕಂಪ್ಲಿ. ಮದುವೆಯಾಗಿ ಬಂದಮೇಲೆ ಅವಳು ನಮ್ಮ ಸಭೆಗೆ ಸೇರಿದಳು. ಅಲ್ಲಿಯವರು ತಮ್ಮ ದೇವರನ್ನು ಬಿಟ್ಟಿರಲಿಲ್ಲ. ಅವಳ ತಾಯಿ ಅಲ್ಲಿ ಮಗನ, ಅಂದರೆ ನನ್ನ ಮಾವನ, ಮನೆಯಲ್ಲಿದ್ದಳು. ಒಂದು ಭಾನುವಾರ ಬೆಳಿಗ್ಗೆ, ನಾವು ಆರಾಧನೆಗೆ ಹೊರಡುವ ಹೊತ್ತಿಗೆ, ಮಾವನ ಫೋನು ಬಂತು. ಅಜ್ಜಿ ಹೋಗಿದ್ದಳು. ಅವರಲ್ಲಿ ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡುತ್ತಾರೆ. ಅದಕ್ಕೆ ಮುಂಚೆ ಮಗಳು ಬಾಯಿಗೆ ನೀರು ಬಿಡಬೇಕು. ಇದ್ದದ್ದು ಅವ್ವ ಒಬ್ಬಳೇ ಮಗಳು.

ಅವ್ವ ಅಳಲಿಲ್ಲ. ಒಂದು ಸೀರೆ ಮಡಚಿ ಚೀಲಕ್ಕೆ ಹಾಕಿಕೊಂಡು ಚಪ್ಪಲಿ ಮೆಟ್ಟಿದಳು. ಕಂಪ್ಲಿ ಏನು ಕಾಶಿಯೇ? ಬಸ್ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮುಂಚೆ ಮುಟ್ಟುವ ಊರು.

ಅಪ್ಪ ಬಾಗಿಲಿಗೆ ಅಡ್ಡ ನಿಂತ. ಕೂಗಲಿಲ್ಲ. ಅಪ್ಪ ಕೂಗುವ ಮನುಷ್ಯನೇ ಅಲ್ಲ.

“ಇವತ್ತ ಪ್ರಯಾಣ ಇಲ್ಲ. ನಾಳಿ ಮೊದಲ್ನೇ ಬಸ್ಸಿಗೆ ಹೋಗೂಣು.”

“ನಮ್ಮವ್ವ ರೀ” ಎಂದಳು ಅವ್ವ. “ಒಂದ ಸಲ ಹ್ಞೂಂ ಅನ್ರಿ. ನೀವು ಬರಬ್ಯಾಡ್ರಿ. ನಾ ಒಬ್ಬಾಕಿನ ಹೋಗಿ ಬರ್ತೀನಿ. ಬರೇ ತಲಿ ಆಡಿಸ್ರಿ, ಸಾಕು.”

“ಸತ್ತಾಕಿ ಇವತ್ತ ಹೋದ್ರೂ ಎದ್ದು ಮಾತಾಡೂದಿಲ್ಲ, ನಾಳಿ ಹೋದ್ರೂ ಮಾತಾಡೂದಿಲ್ಲ. ಈ ದಿನ ಕರ್ತಂದು” ಎಂದ ಅಪ್ಪ.

ಮಧ್ಯಾಹ್ನ ಮಾವ ಮತ್ತೆ ಫೋನು ಮಾಡಿದ. ಎತ್ತಿದವನು ಅಪ್ಪ. “ನೀವು ಕಾಯಬ್ಯಾಡ್ರಿ, ಮುಗಿಸಿಬಿಡ್ರಿ” ಎಂದು ಇಟ್ಟ. ಅಷ್ಟು ಸಲೀಸಾಗಿ ಹೇಳಿದ ಆ ದನಿ ಈಗಲೂ ನನ್ನ ಕಿವಿಯಲ್ಲಿದೆ. ಅವತ್ತೇ ನನಗೆ ಅವನ ಮೇಲೆ ದ್ವೇಷ ಹುಟ್ಟಿತು. ಅದನ್ನು ಬೇರೆ ಹೆಸರಿನಿಂದ ಕರೆಯಲು ನಾನು ತಯಾರಿಲ್ಲ.

ಇನ್ನೂ ಇದೆ. ಆ ಸಂಜೆಯ ಕೂಟದಲ್ಲಿ ಸಾಕ್ಷಿ ಹೇಳುವ ಸಮಯ ಬಂತು. ನಮ್ಮಲ್ಲಿ ಯಾರ ಬಾಳಿನಲ್ಲಿ ದೇವರು ಏನು ಮಾಡಿದನೆಂದು ಎದ್ದು ನಿಂತು ಹೇಳುವ ರೂಢಿ. ಅಪ್ಪ ಎದ್ದ. ತನ್ನ ಹೆಂಡತಿ ಈ ದಿನ ಹೆತ್ತ ತಾಯಿಗಿಂತ ಕರ್ತನೇ ದೊಡ್ಡವನೆಂದು ತೋರಿಸಿಕೊಟ್ಟಳು ಎಂದ. ಜನ ಆಮೆನ್ ಎಂದರು, ಚಪ್ಪಾಳೆ ತಟ್ಟಿದರು. ಅವ್ವ ಹೆಂಗಸರ ಸಾಲಿನಲ್ಲಿ ತಲೆಯ ಮೇಲೆ ಸೆರಗು ಹೊದ್ದು ಕೂತಿದ್ದಳು. ಪಕ್ಕದವಳು ಅವಳ ಕೈ ಹಿಡಿದು ಕುಲುಕಿದಳು.

ಸೋಮವಾರ ಮೊದಲ ಬಸ್ಸಿಗೆ ಹೋದೆವು. ಬುಕ್ಕಸಾಗರದ ಗದ್ದೆಗಳಲ್ಲಿ ಹೆಂಗಸರು ಆಗಲೇ ಸಾಲುಗಟ್ಟಿ ನಾಟಿ ಹಾಕುತ್ತಿದ್ದರು. ಕಂಪ್ಲಿಯಲ್ಲಿ ಹಸಿಮಣ್ಣಿನ ಗುಡ್ಡೆ ಇತ್ತು, ಅದರ ಮೇಲೆ ಬಾಡಿದ ಚೆಂಡುಹೂ ಇತ್ತು. ಅವ್ವ ಬಾಟಲಿಯಲ್ಲಿ ತಂದಿದ್ದ ನೀರನ್ನು ಮಣ್ಣಿನ ಮೇಲೆ ಸುರಿದಳು. ಮಾವ ಅವಳೊಂದಿಗೆ ಮಾತಾಡಲಿಲ್ಲ. ಆಮೇಲೆಯೂ ಮಾತಾಡಲಿಲ್ಲ. ತವರು ಅಲ್ಲಿಗೇ ಮುಗಿಯಿತು, ಅವ್ವ ಎಷ್ಟೋ ವರ್ಷ ಕಂಪ್ಲಿಗೆ ಕಾಲಿಡಲಿಲ್ಲ.

ಕೆಲವು ದಿನ ಕಳೆದ ಮೇಲೆ ಅಯ್ಯನವರು ಅವ್ವನ ಬಳಿ ಮೆಲ್ಲಗೆ ಹೇಳಿದರು. “ಹೋಗಬೇಕಿತ್ತಮ್ಮ. ಸಬ್ಬತ್ತಿನ ದಿನ ಎತ್ತು ಬಾವಿಗೆ ಬಿದ್ರ ಎತ್ತೂದಿಲ್ಲೇನು ಅಂತ ಕರ್ತನ ಕೇಳ್ಯಾನ. ಮನುಷ್ಯರಿಗೆ ಅಂತ ಮಾಡಿದ ದಿನ ಅದು.”

“ಹಂಗಾದ್ರ ಎತ್ತಾಗಿ ಹುಟ್ಟಬೇಕಿತ್ರಿ ಅಯ್ಯನವ್ರ” ಎಂದಳು ಅವ್ವ. ಅಯ್ಯನವರು ಬೈಕ್ ಹತ್ತಿ ಹೋದರು. ಕರುಣೆಯ ವಾಕ್ಯಗಳೆಲ್ಲ ಅವರಿಗೆ ಬಾಯಿಪಾಠವಿದ್ದವು. ಅಪ್ಪನ ಎದುರು ಅವನ್ನು ಹೇಳುವ ಎದೆ ಮಾತ್ರ ಇರಲಿಲ್ಲ.

ನಾನು ಮದುವೆಯಾಗಿ ಕುರೆಕುಪ್ಪಕ್ಕೆ ಹೋದೆ. ಗಂಡನಿಗೆ ಉಕ್ಕಿನ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಭಾನುವಾರವೆಂದು ಕುಲುಮೆ ಆರುವುದಿಲ್ಲ ಎಂಬುದೇ ನನಗೆ ದೊಡ್ಡ ಬಿಡುಗಡೆಯಾಗಿತ್ತು. ಹೋದ ವರ್ಷ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಬಿದ್ದುಹೋದವು, ಮಾತು ನಿಂತಿತು. ತಲೆ ಮಾತ್ರ ಚುರುಕಾಗಿಯೇ ಉಳಿಯಿತು.

ಅವ್ವ ನೋಡಿಕೊಂಡ ರೀತಿಗೆ ಓಣಿಯೇ ಕೊಂಡಾಡಿತು. ಬೆಳಿಗ್ಗೆ ಬಿಸಿನೀರಿನಲ್ಲಿ ಮೈ ಒರೆಸುವುದು, ಕೈಕಾಲಿಗೆ ಎಣ್ಣೆ ತಿಕ್ಕುವುದು, ಬಿಸಿ ಗಂಜಿ, ಗಂಟೆಗೊಮ್ಮೆ ಶುಂಠಿ ಚಹಾ ಚಮಚದಲ್ಲಿ. ಎದುರುಮನೆಯ ಅಕ್ಕ “ಇಂಥ ಹೆಂಡ್ತಿ ಸಿಗಾಕ ಪುಣ್ಯ ಮಾಡಿರ್ಬೇಕು” ಎಂದಳು. ವಾರದ ದಿನಗಳಲ್ಲಿ ಹೋಗಿ ಬರುತ್ತಿದ್ದ ನಾನೂ ಹಾಗೆಯೇ ಅಂದುಕೊಂಡಿದ್ದೆ.

ಒಮ್ಮೆ ಭಾನುವಾರ ಹೋದೆ. ಮನೆಯೊಳಗೆ ಕಾಲಿಟ್ಟರೆ ಮೂತ್ರದ ವಾಸನೆ ಮೂಗಿಗೆ ಹೊಡೆಯಿತು. ಅಪ್ಪನ ಕೆಳಗಿನ ಬೆಡ್‌ಶೀಟು ಒದ್ದೆಯಾಗಿತ್ತು. ತಲೆಯ ಬಳಿ ಒಂದು ಬಟ್ಟಲು, ಅದರಲ್ಲಿ ತಣ್ಣೀರಿನಲ್ಲಿ ನೆನೆಸಿದ ಒಣರೊಟ್ಟಿ ಅಂಬಲಿಯಂತೆ ಊದಿಕೊಂಡಿತ್ತು. ಅವ್ವ ಇಸ್ತ್ರಿ ಮಾಡಿದ ಸೀರೆಯುಟ್ಟು ಕುರ್ಚಿಯಲ್ಲಿ ಕೂತಿದ್ದಳು. ಅವಳು ಅಷ್ಟು ಆರಾಮಾಗಿ ಕೂತದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

“ಏನವ್ವ ಇದು? ಹಾಸಿಗಿ ಬದ್ಲಿ ಮಾಡಬಾರ್ದ?”

“ನಾಳಿ ಮಾಡ್ತೀನಿ. ಇವತ್ತ ಭಾನುವಾರ ಅಲ್ಲನು?”

ಮೊದಲು ನನಗೆ ಅರ್ಥವಾಗಲಿಲ್ಲ. ಅಪ್ಪನ ಕಣ್ಣು ನೋಡಿದ ಮೇಲೆ ಅರ್ಥವಾಯಿತು. ಪ್ರತಿ ಭಾನುವಾರವೂ ಇದೇ. ಅವನದೇ ಕಟ್ಟಳೆ, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿಯಿಲ್ಲ. ನಾನೇ ಬೆಡ್‌ಶೀಟು ಎಳೆದು ಬದಲಾಯಿಸಿದೆ. ಅವ್ವ ತಡೆಯಲೂ ಇಲ್ಲ, ಕೈ ಹಚ್ಚಲೂ ಇಲ್ಲ. ಮಾಡಿದ್ದುಣ್ಣೋ ಮಹರಾಯ ಎಂದು ನನ್ನ ಮನಸ್ಸಿನೊಳಗೆ ಯಾರೋ ನಕ್ಕರು. ಆ ನಗು ನನ್ನದೇ ಆಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅಪ್ಪನ ಬೆನ್ನಿನ ಚರ್ಮ ಕೆಂಪಾಗಿ ಸುಲಿದದ್ದು ಕಂಡಾಗ ಆ ನಗು ಆರಿಹೋಯಿತು.

ಆರಾಧನೆ ಮುಗಿಸಿಕೊಂಡು ಸಭೆಯವರು ನಾಲ್ಕೈದು ಜನ, ಅಯ್ಯನವರೂ ಸೇರಿ, ಪ್ರಾರ್ಥನೆಗೆಂದು ಬಂದರು. ಅವರನ್ನು ಕಂಡದ್ದೇ ಅಪ್ಪ ಎಡಗೈ ಎತ್ತಿದ. ಒಲೆಯ ಕಡೆ ತೋರಿಸಿದ, ಬಾಯಿ ಕಡೆ ತೋರಿಸಿದ, ಮತ್ತೆ ಒಲೆಯ ಕಡೆ. ಕಣ್ಣಿನಿಂದ ನೀರು ಇಳಿಯುತ್ತಿತ್ತು. ಒಂದು ಲೋಟ ಬಿಸಿ ಚಹಾ ಕೇಳುತ್ತಿದ್ದಾನೆಂದು ಎಳೆಗೂಸಿಗೂ ತಿಳಿಯುವಂತಿತ್ತು.

“ಏನಂತಾರಮ್ಮ?” ಎಂದರು ಅಯ್ಯನವರು.

ಅವ್ವ ಎದ್ದು ನಿಂತಳು, ಸೆರಗು ತಲೆಯ ಮೇಲೆ ಎಳೆದುಕೊಂಡಳು. ಸಾಕ್ಷಿ ಹೇಳುವವರು ನಿಲ್ಲುವ ಹಾಗೆಯೇ ಕೈಕಟ್ಟಿ ನಿಂತಳು.

“ಬಂದವ್ರಿಗೆ ಚಾ ಮಾಡಾಕ ಒಲಿ ಹಚ್ಚಬ್ಯಾಡ ಅಂತಾರ್ರಿ. ನೋಡ್ರಿ, ಕೈಕಾಲು ಬಿದ್ರೂ ಕರ್ತನ ದಿನ ಮರ್ತಿಲ್ಲ. ನನಗ ದಾರಿ ತಪ್ಪಾಕ ಬಿಡೂದಿಲ್ಲ.”

ಅಪ್ಪ ತಲೆಯನ್ನು ಆ ಕಡೆ ಈ ಕಡೆ ಹೊರಳಿಸಿದ. ಗಂಟಲಿನಿಂದ ಒಂದು ಗೊರಗೊರ ಸದ್ದು ಬಂತು. ಎಲ್ಲರೂ ಆಮೆನ್ ಎಂದರು. ಒಬ್ಬಳು ಕಣ್ಣೊರೆಸಿಕೊಂಡಳು. ಅಯ್ಯನವರು ಅಪ್ಪನ ನಂಬಿಕೆಗಾಗಿ ದೇವರಿಗೆ ಸ್ತೋತ್ರ ಹೇಳಿ, ಉದ್ದವಾಗಿ ಪ್ರಾರ್ಥಿಸಿ ಹೋದರು.

ಅವರು ಹೋದ ಮೇಲೆ ನಾನು ಎದ್ದು ಪಾತ್ರೆಗೆ ಹಾಲು ಹಾಕಿದೆ. ಅವ್ವ ಕುರ್ಚಿಯಿಂದಲೇ ಹೇಳಿದಳು. “ಹಚ್ಚು, ನಾ ಬ್ಯಾಡ ಅನ್ನೂದಿಲ್ಲ. ಆದ್ರ ಅವರ್ನ ಕೇಳಿ ಹಚ್ಚು. ಕಟ್ಟಳೆ ಅವರ್ದು.”

ಅಪ್ಪನ ಮುಖದ ಹತ್ತಿರ ಬಾಗಿ ಕೇಳಿದೆ. “ಅಪ್ಪಾ, ಇವತ್ತ ಭಾನುವಾರ. ಒಲಿ ಹಚ್ಚಲೇನು?”

ಅಪ್ಪ ನನ್ನನ್ನು ನೋಡಲಿಲ್ಲ, ಅವ್ವನನ್ನು ನೋಡಿದ. ಗಣಿಯ ಕೆಲಸ ಬಿಟ್ಟವನು, ಕೊಡ ಉರುಳಿಸಿದವನು, ಬಾಗಿಲಿಗೆ ಅಡ್ಡ ನಿಂತವನು ಅವನೇ. ಆಮೇಲೆ ತಲೆ ಆಡಿಸಿದ. ಹೌದು ಎಂದು ಆಡಿಸಿದ.

ಅವ್ವ ಎದ್ದು ಅವನ ಹತ್ತಿರ ಬಂದಳು. ಹೊಡೆಯುತ್ತಾಳೇನೋ ಎಂದು ನಾನು ಹೆದರಿದೆ.

“ಇಷ್ಟ ಸಾಕಾಗಿತ್ತಲ್ರೀ ಅವತ್ತು” ಎಂದಳು.

ಒಳಗೆ ಹೋಗಿ ಒಂದು ಸೀರೆ ಮಡಚಿ ಚೀಲಕ್ಕೆ ಹಾಕಿದಳು. ಹೆಂಗಸರಿಗೆ ಈಗ ಬಸ್ಸು ಫ್ರೀ ಅಲ್ಲವೇ, ಆಧಾರ್ ಕಾರ್ಡು ಹುಡುಕಿ ಪರ್ಸಿಗಿಟ್ಟುಕೊಂಡಳು. ಬಾಟಲಿಗೆ ನೀರು ತುಂಬಿಕೊಂಡಳು.

“ಎಲ್ಲಿಗವ್ವ?”

“ಕಂಪ್ಲಿಗೆ. ನಳ ಬಂದ್ರ ಕೊಡ ತುಂಬಿಡು” ಎಂದು ಹೊರಟಳು. ಬಾಗಿಲಲ್ಲಿ ಅಡ್ಡ ನಿಲ್ಲುವವರು ಯಾರೂ ಇರಲಿಲ್ಲ.

ನಾನು ಶುಂಠಿ ಜಜ್ಜಿ ಚಹಾ ಮಾಡಿದೆ. ಒಂದೊಂದೇ ಚಮಚ ಅಪ್ಪನ ಬಾಯಿಗೆ ಬಿಟ್ಟೆ. ಲೋಟ ಪೂರ್ತಿ ಕುಡಿದ. ಕುಡಿದು, ಎಡಗೈ ಎತ್ತಿ, ಇನ್ನೊಂದು ಲೋಟ ಬೇಕೆಂದು ತೋರಿಸಿದ.