ಕೋಪರಖೈರಣೆಯ ಸೈಟ್ ಇನ್‌ಚಾರ್ಜ್

ನಮ್ಮ ಕಂಪನಿಯ ನೆಟ್‌ವರ್ಕು ವಾರ ಮಾಡುತ್ತದೆ ಎಂದು ಮೊದಲು ಹೇಳಿದವರು ನಮ್ಮ ಸಾಹೇಬರು. ಸೋಮವಾರ, ಮಂಗಳವಾರ, ಗುರುವಾರ, ಶನಿವಾರ ಊಟದ ಹೊತ್ತು ದಾಟಿತೆಂದರೆ ಅದು ಬೀಳುತ್ತಿತ್ತು, ಏಳುತ್ತಿತ್ತು, ಮತ್ತೆ ಬೀಳುತ್ತಿತ್ತು. ಸಂಜೆಯಾದರೆ ಯಾರೂ ಮುಟ್ಟದೆ ತಾನಾಗಿ ಸರಿಹೋಗುತ್ತಿತ್ತು. ಬುಧವಾರ ಮತ್ತು ಶುಕ್ರವಾರ ಮಾತ್ರ ಅದಕ್ಕೆ ಏನೂ ಆಗುತ್ತಿರಲಿಲ್ಲ.

"ಏನ್ರೀ ಮೇಡಂ, ಇದೇನು ಉಪಾಸ ಹಿಡದೈತೇನ್ರೀ?" ಎಂದು ಕೇಳಿದರು ಸಾಹೇಬರು. ಅವರು ಹುಬ್ಬಳ್ಳಿ ಕಡೆಯವರು. ಥಾಣೆಗೆ ಬಂದು ಅರ್ಧ ಆಯುಷ್ಯ ಕಳೆದಿದ್ದರೂ ಸಿಟ್ಟು ಬಂದಾಗ ಮತ್ತು ತಮಾಷೆ ಮಾಡುವಾಗ ಅವರ ಬಾಯಲ್ಲಿ ಬರುತ್ತಿದ್ದದ್ದು ಹುಬ್ಬಳ್ಳಿಯೇ. ನಾನು ಹುಟ್ಟಿದ್ದು ಬೆಳೆದದ್ದು ಡೊಂಬಿವಲಿಯಲ್ಲಿ. ಮನೆಯಲ್ಲಿ ತುಳು, ಮೆಟ್ಟಿಲ ಮೇಲೆ ಮರಾಠಿ, ರೈಲಿನಲ್ಲಿ ಹಿಂದಿ. ಕನ್ನಡ ಮಾತಾಡಲು ಆಫೀಸಿನಲ್ಲಿ ನನಗೆ ಸಿಕ್ಕವರು ಇವರೊಬ್ಬರೇ, ಅದೂ ಹೆಚ್ಚಾಗಿ ಬೈಗುಳ ಕೇಳುವಾಗ.

ಅದು ಸರಕು ಸಾಗಣೆಯ ಕಂಪನಿ. ಥಾಣೆಯಲ್ಲಿ ದೊಡ್ಡ ಆಫೀಸು, ಡೊಂಬಿವಲಿಯಲ್ಲಿ ಬಿಲ್ಲಿಂಗು, ಕಲ್ಯಾಣದಲ್ಲಿ ಗೋಡೌನು, ಕಾಮೋಠೆಯಲ್ಲಿ ಒಂದು ಪುಟ್ಟ ಬುಕಿಂಗ್ ಆಫೀಸು. ಇವನ್ನೆಲ್ಲ ಒಂದಕ್ಕೊಂದು ಕಟ್ಟಿದ ಲೈನುಗಳು, ಲೈನಿನ ತುದಿಯಲ್ಲಿ ಕೂತ ರೌಟರು, ಸ್ವಿಚ್ಚುಗಳು ನನ್ನ ಜವಾಬ್ದಾರಿ. ಡೊಂಬಿವಲಿಯಲ್ಲಿ ಬಿಲ್ ಹೊಡೆದರೆ ಕಲ್ಯಾಣದಲ್ಲಿ ಚೀಟಿ ಪ್ರಿಂಟಾಗಬೇಕು, ಚೀಟಿ ಕೈಗೆ ಬಂದರೆ ಮಾತ್ರ ಲಾರಿ ಹೊರಡಬೇಕು. ನೆಟ್‌ವರ್ಕು ಬಿದ್ದ ಮಧ್ಯಾಹ್ನ ಗೋಡೌನಿನ ಗೇಟಿನ ಹೊರಗೆ ಲಾರಿಗಳು ಸಾಲಾಗಿ ನಿಂತಿರುತ್ತಿದ್ದವು. ಡ್ರೈವರುಗಳು ಅವುಗಳ ನೆರಳಲ್ಲಿ ಚಾಪೆ ಹಾಸಿ ಮಲಗಿರುತ್ತಿದ್ದರು. ಅವರ ದೂರು ಏನೂ ಇರಲಿಲ್ಲ. ದೂರೆಲ್ಲ ಎದ್ದು ಕೂತವರದ್ದೇ.

ಲೈನು ಕೊಟ್ಟವರನ್ನು ಕೇಳಿದರೆ "ನಮ್ಮ ಕಡೆಯಿಂದ ಎಲ್ಲ ಸರಿಯಿದೆ" ಎಂದರು. ಕಲ್ಯಾಣದ ಗೋಡೌನಿನವರು ತಪ್ಪನ್ನು ಇಲಿಯ ಮೇಲೆ ಹಾಕಿದರು, ಒಂದು ಬೆಕ್ಕನ್ನೂ ತಂದು ಸಾಕಿದರು. ಬುಧವಾರ ಏನೂ ಬೀಳದಿದ್ದಾಗ ಬೆಕ್ಕಿಗೆ ಹಾಲು ಸಿಕ್ಕಿತು, ಗುರುವಾರ ಅದು ಗೋಡೌನಿನಿಂದ ಹೊರಬಿತ್ತು. ಸಾಹೇಬರಿಗೆ ಊಟದ ಹೊತ್ತಿನ ಮೇಲೆ ಅನುಮಾನ. ಡೊಂಬಿವಲಿಯ ಹುಡುಗಿಯರು ಡಬ್ಬಿ ಬಿಚ್ಚಿಟ್ಟುಕೊಂಡು ಮೊಬೈಲಿನಲ್ಲಿ ಸೀರಿಯಲ್ ನೋಡುತ್ತಾರೆ, ಅದರ ಭಾರಕ್ಕೇ ಲೈನು ಕುಸಿಯುತ್ತದೆ ಎಂದು ತೀರ್ಮಾನಿಸಿ ವಿಡಿಯೋ ನಿಲ್ಲಿಸಿದರು. ಸರಿಹೋಗಲಿಲ್ಲ. ಆಮೇಲೆ ಊಟದ ಹೊತ್ತನ್ನೇ ಹಿಂದಕ್ಕೆ ತಂದರು. ಬಿಲ್ಲಿಂಗಿನವರು ಕೆಲವು ವಾರ ಬೆಳಗಿನ ಚಹಾದ ಲೋಟ ಆರುವ ಮೊದಲೇ ಅನ್ನ ಸಾರು ಉಂಡರು. ಮಧ್ಯಾಹ್ನ ನೆಟ್‌ವರ್ಕು ತನ್ನ ಹೊತ್ತಿಗೆ ಸರಿಯಾಗಿ ಬಿತ್ತು, ಇವರಿಗೆ ಎರಡನೆಯ ಸಲ ಹಸಿವಾಯಿತು.

ನಾನು ಸ್ವಿಚ್ಚು ಬದಲಿಸಿದೆ, ಕೇಬಲು ಬದಲಿಸಿದೆ, ಕಲ್ಯಾಣದಲ್ಲಿ ಏಣಿ ಹತ್ತಿ ಇಳಿದೆ. ನೆಟ್‌ವರ್ಕು ಬಿದ್ದಾಗ, ಡಾಟಾ ಯಾವ ಯಾವ ನಿಲ್ದಾಣ ದಾಟಿ ಹೋಗುತ್ತದೆಂದು ತೋರಿಸುವ ಕಮಾಂಡು ಕೊಡುತ್ತಿದ್ದೆ. ಸ್ಕ್ರೀನಿನ ಮೇಲೆ ಬರೀ ನಕ್ಷತ್ರ ಚಿಹ್ನೆಗಳು ಬರುತ್ತಿದ್ದವು, ಅಂದರೆ ಉತ್ತರವಿಲ್ಲ. ಒಂದು ಸೋಮವಾರ ಬೆಳಿಗ್ಗೆ, ಎಲ್ಲ ಚೆನ್ನಾಗಿ ನಡೆಯುತ್ತಿದ್ದಾಗ, ಡೊಂಬಿವಲಿಯಲ್ಲಿ ಕೂತು ಸುಮ್ಮನೆ ಅದೇ ಕಮಾಂಡು ಕೊಟ್ಟು ನೋಡಿದೆ. ಈ ಸಲ ದಾರಿ ಪೂರ್ತಿ ಕಾಣಿಸಿತು. ನೋಡಿದವಳು ಕುರ್ಚಿ ಎಳೆದುಕೊಂಡು ಇನ್ನೊಂದು ಸಲ ನೋಡಿದೆ.

ಡೊಂಬಿವಲಿಯಿಂದ ಕಲ್ಯಾಣಕ್ಕೆ ಹೋಗುವವನು ನಡುವಿನ ಠಾಕುರ್ಲಿ ಸ್ಟೇಷನ್ನೊಂದನ್ನು ದಾಟಿದರೆ ಸಾಕು. ನಮ್ಮ ಬಿಲ್ಲುಗಳು ಡೊಂಬಿವಲಿಯಿಂದ ಥಾಣೆಗೆ ಹೋಗಿ, ಅಲ್ಲಿಂದ ಖಾಡಿಯ, ಅಂದರೆ ಕಡಲ ಹಿನ್ನೀರಿನ, ಬದಿಗೆ ತಿರುಗಿ ಕೋಪರಖೈರಣೆಗೆ ಹೋಗಿ, ಅಲ್ಲಿ ಒಂದು ಸುತ್ತು ಹಾಕಿ ಕಲ್ಯಾಣಕ್ಕೆ ಬರುತ್ತಿದ್ದವು.

ಸಾಹೇಬರಿಗೆ ಫೋನು ಮಾಡಿದೆ. "ಕೋಪರಖೈರಣ್ಯಾಗ ನಮ್ಮ ಆಫೀಸು ಎಲ್ಲೈತ್ರೀ? ಅದನ್ನ ಮುಚ್ಚಿ ಕಾಮೋಠೆಗೆ ಒಯ್ದು ಎಷ್ಟು ವರ್ಷ ಆತು!"

"ಆಫೀಸು ಹೋಗಿದೆ ಸರ್, ರೌಟರು ಹೋದ ಹಾಗಿಲ್ಲ. ಅಲ್ಲಿಂದ ಯಾರೋ ಉತ್ತರ ಕೊಡ್ತಾ ಇದ್ದಾರೆ."

"ಯಾರ್ರೀ?"

ಅದನ್ನೇ ನೋಡಲು ನಾನು ಹೊರಟೆ. ಥಾಣೆಯಲ್ಲಿ ಇಳಿದು, ಕೊನೆಯ ಪ್ಲಾಟ್‌ಫಾರ್ಮಿಗೆ ಓಡಿ ವಾಶಿ ಗಾಡಿ ಹಿಡಿದು ಕೋಪರಖೈರಣೆಗೆ ಬಂದಾಗ ಮಧ್ಯಾಹ್ನವಾಗಿತ್ತು. ಹಳೆಯ ವಿಳಾಸದಲ್ಲಿ ಯಾವುದೋ ಆಫೀಸು ಕಟ್ಟಡ ಇರುತ್ತದೆ ಎಂದು ನಾನು ಅಂದುಕೊಂಡಿದ್ದೆ. ನೋಡಿದರೆ ಗಲ್ಲಿಯ ಸಾಲುಮನೆಯ ಒಂದು ಕೋಣೆ, ಹಿಂದೆ ಒಂದು ಅಡಿಗೆಮನೆ. ಬಾಗಿಲ ಮುಂದೆ ನೈಟಿಯ ಮೇಲೆ ಟವೆಲು ಹಾಕಿಕೊಂಡ ಒಬ್ಬ ಹೆಂಗಸು ರಾಶಿ ಸ್ಟೀಲ್ ಡಬ್ಬಿಗಳನ್ನು ತೊಳೆಯುತ್ತಿದ್ದರು. ನಾನು ಹಿಂದಿಯಲ್ಲಿ ಕಂಪನಿ, ಮಿಶಿನು, ಚೆಕಿಂಗು ಎಂದೆಲ್ಲ ಹೇಳಿದೆ. ಅವರು ಕೈ ಒರೆಸಿಕೊಂಡು ಒಳಗೆ ಕೂಗಿದರು.

"ಅತ್ತೇ, ಪೆಟ್ಟಿಗಿಯವ್ರ್ ಬಂದ್ರ್!"

"ಅಕ್ಕ, ನೀವು ಕುಂದಾಪುರದವರಾ?" ಎಂದೆ.

"ಹ್ವಾಯ್! ನಿಮ್ಗೆ ಕನ್ನಡ ಬತ್ತಾ? ಮತ್ತೆಂತಕೆ ಹಿಂದಿ? ಬನಿ, ಒಳ್ಗ್ ಬನಿ, ಕೂಕಣಿ."

ಅವರು ಆ ಸುತ್ತಿನ ಆಫೀಸು, ಅಂಗಡಿಗಳಿಗೆ ಎರಡು ಹೊತ್ತಿನ ಊಟದ ಡಬ್ಬಿ ಕಳಿಸುವವರು. ಮಂಚದ ಮೇಲೆ ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಮೂಲೆಯಲ್ಲಿ ಸೊಂಟದೆತ್ತರದ ಒಂದು ಕಬ್ಬಿಣದ ಕಪಾಟು, ಅದರ ಬಾಗಿಲು ಎಂದೋ ಕಿತ್ತುಹೋಗಿತ್ತು. ಅದರ ಮೇಲೆ ದಪ್ಪನೆಯ ಗೋದಡಿ ಹೊದಿಸಿದ್ದರು, ಜ್ವರ ಬಂದ ಮಗುವಿಗೆ ಹೊದಿಸುವ ಹಾಗೆ ನಾಲ್ಕೂ ಬದಿ ಒಳಕ್ಕೆ ಒತ್ತಿ. ನಾನು ಗೋದಡಿಯ ತುದಿ ಹಿಡಿದೆ.

"ಹ್ವಾಯ್ ಹ್ವಾಯ್, ಎತ್ಬೇಡಿ! ಹೆಪ್ಪ್ ಹಾಕಿದೆ!"

ಆದರೆ ಅಷ್ಟರಲ್ಲಿ ಎತ್ತಿಯಾಗಿತ್ತು. ಕೆಳಗೆ ನಮ್ಮ ರೌಟರು, ಅದರ ಮೇಲೆ ನಮ್ಮ ಸ್ವಿಚ್ಚು, ಸ್ವಿಚ್ಚಿನ ಮೇಲೆ ಮುಚ್ಚಳ ಹಾಕಿದ ದೊಡ್ಡ ಪಾತ್ರೆ. ಪಾತ್ರೆಯಲ್ಲಿ ಹಾಲು ಅರ್ಧ ಮೊಸರಾಗಿತ್ತು. ಸ್ವಿಚ್ಚಿನ ಒಂದು ದೀಪವೂ ಉರಿಯುತ್ತಿರಲಿಲ್ಲ. ಮುಟ್ಟಿದರೆ ಕೈ ಸುಡುವಂತಿತ್ತು.

"ಈ ಪೆಟ್ಟಿಗಿ ಭಾರೀ ಒಳ್ಳೇದ್," ಎಂದರು ಅವರು ಹೆಮ್ಮೆಯಿಂದ. "ಮಳೆಗಾಲದಲ್ಲೂ ಮೊಸ್ರ್ ಕಲ್ಲಿನ ಹಾಂಗೆ ಕೂಕಂತ್ತ್. ಹದ ಬಿಸಿ ಆದ್ ಕೂಡ್ಲೆ ತನ್ನಿಂದ ತಾನೇ ಬಂದ್ ಆತ್ತ್, ತಣ್ದ್ ಮೇಲೆ ಮತ್ತೆ ಶುರು ಆತ್ತ್. ಎಷ್ಟ್ ಬುದ್ಧಿ ಕಾಣಿ ಅದಕ್ಕೆ!"

ನಾನು ತಿಂಗಳುಗಟ್ಟಲೆ ಹುಡುಕಿದ ರೋಗದ ಪೂರ್ತಿ ವಿವರ ಅದಾಗಿತ್ತು. ಗೋದಡಿಯೊಳಗೆ ಸ್ವಿಚ್ಚು ಕಾದು, ಸುಟ್ಟುಹೋಗುವ ಮೊದಲು ತನ್ನನ್ನು ತಾನೇ ಆರಿಸಿಕೊಳ್ಳುತ್ತಿತ್ತು. ತಣ್ಣಗಾದ ಮೇಲೆ ಎದ್ದು ಕೂರುತ್ತಿತ್ತು. ಅಷ್ಟರಲ್ಲಿ ಡೊಂಬಿವಲಿಯವರು "ಬಂತು" ಎನ್ನುತ್ತಿದ್ದರು, ಸ್ವಲ್ಪ ಹೊತ್ತಿಗೆ "ಹೋಯಿತು" ಎನ್ನುತ್ತಿದ್ದರು. ಸಂಜೆ ಇವರು ಪಾತ್ರೆ ಇಳಿಸಿದಾಗ ಮೂರು ಊರಿನ ಕೆಲಸ ಸುಸೂತ್ರವಾಗಿ ನಡೆಯುತ್ತಿತ್ತು.

ಗಾಳಿ ತಾಗಿ ತಣ್ಣಗಾದ ಸ್ವಿಚ್ಚಿನೊಳಗಿನ ಫ್ಯಾನು ಗುಂಯ್ ಎಂದು ಶುರುವಾಯಿತು. ಹಸಿರು ದೀಪಗಳು ಒಂದೊಂದಾಗಿ ಹತ್ತಿಕೊಂಡವು. ಕೂಡಲೇ ಸಾಹೇಬರ ಫೋನು ಬಂತು.

"ಬಂತು, ಬಂತು! ಏನ್ ಮಾಡಿದ್ರೀ ಮೇಡಂ?"

"ಗೋದಡಿ ತೆಗೆದೆ ಸರ್."

"ಏನ್ ತಗದ್ರಿ?"

ಅವರಿಗೆ ಆಮೇಲೆ ಹೇಳುತ್ತೇನೆಂದು ಫೋನಿಟ್ಟೆ. ನನಗೆ ಇನ್ನೊಂದು ವಿಷಯ ಗೊತ್ತಾಗಬೇಕಿತ್ತು. "ಅಕ್ಕ, ಬುಧವಾರ ಶುಕ್ರವಾರ ಮೊಸರು ಮಾಡೋದಿಲ್ವಾ?"

ಅವರು ನನ್ನನ್ನು ಕರುಣೆಯಿಂದ ನೋಡಿದರು. "ಮೀನಿನ ದಿನ ಮೊಸ್ರ್ ಎಂತಕೆ, ಮಾರಾಯ್ತಿ?"

ನಮ್ಮ ಮನೆಯಲ್ಲೂ ಮೀನು ಬುಧವಾರ, ಶುಕ್ರವಾರ ಮತ್ತು ಭಾನುವಾರ. ಭಾನುವಾರ ಆಫೀಸೇ ಇಲ್ಲವಾದ್ದರಿಂದ ಅದನ್ನು ಯಾರೂ ಗಮನಿಸಿರಲಿಲ್ಲ. ಅಲ್ಲೇ ಚಾಪೆಯ ಮೇಲೆ ಕೂತು ನಾನು ಎಷ್ಟು ನಕ್ಕೆನೆಂದರೆ ಅತ್ತೆ ಎದ್ದು ಕೂತರು. ಎದ್ದವರು ಫ್ಯಾನಿನ ಕಡೆ ಕೈ ತೋರಿಸಿ, ಮೀನಿನ ದಿನ ಹೇಗೂ ನಿದ್ದೆಯಿಲ್ಲ, ಉಳಿದ ದಿನವೂ ಗೋದಡಿ ಇಲ್ಲದಿದ್ದರೆ ಈ ಗುಂಯ್‌ಗುಟ್ಟುವಿಕೆಯಲ್ಲಿ ಮಧ್ಯಾಹ್ನದ ನಿದ್ದೆ ಮಾಡುವುದು ಹೇಗೆ ಎಂದು ಕೇಳಿದರು.

ಕಂಪನಿಯ ಪೆಟ್ಟಿಗೆ, ಮುಟ್ಟಬೇಡಿ, ಅದರ ಕರೆಂಟು ಬಿಲ್ಲು ಅವರದೇ ಎಂದು ಮನೆಯ ಮಾಲೀಕ ಹೇಳಿದ್ದನಂತೆ. ಕಾಮೋಠೆಗೆ ಹೋಗುವಾಗ ನಮ್ಮವರು ಲೈನು ತಾತ್ಕಾಲಿಕವಾಗಿ ಇಲ್ಲೇ ಇರಲಿ ಎಂದು ಬಿಟ್ಟು, ಇಲ್ಲಿಂದಲೇ ಕಾಮೋಠೆಗೆ ಇನ್ನೊಂದು ಎಳೆ ಎಳೆದಿದ್ದರು. ಬಿಟ್ಟವರು ಕೆಲಸ ಬಿಟ್ಟು ಹೋಗಿದ್ದರು.

ಮರುದಿನ ನಾನು ಡೊಂಬಿವಲಿಯ ಬಿಲ್ಲುಗಳನ್ನು ನೇರ ದಾರಿಗೆ ಹಾಕಿದೆ. ಒಂದು ಕಾಲದಲ್ಲಿ ಆ ನೇರ ಲೈನು ನಿಧಾನವಿತ್ತು, ಅದಕ್ಕೇ ಯಾರೋ ಸುತ್ತುದಾರಿಗೆ ಮೊದಲ ಮಣೆ ಕೊಟ್ಟಿದ್ದರು. ಲೈನು ವೇಗವಾದ ಮೇಲೂ ಮಣೆ ತೆಗೆದಿರಲಿಲ್ಲ. ಈಗ ಕೋಪರಖೈರಣೆಯ ಮೇಲೆ ಉಳಿದದ್ದು ಕಾಮೋಠೆ ಒಂದೇ. ಅದನ್ನು ಬೇರೆ ಕಡೆ ತಿರುಗಿಸಲು ರಸ್ತೆ ಅಗೆಯಬೇಕು, ಮಳೆಗಾಲ ಮುಗಿಯುವ ತನಕ ಅಗೆಯಲು ಪರವಾನಗಿ ಇಲ್ಲ. ಅಲ್ಲಿಯವರೆಗೆ ಆ ಕೋಣೆಗೆ ಬಾಗಿಲಿರುವ, ಸದ್ದು ಕಡಿಮೆಯ ಒಂದು ಹೊಸ ಕಪಾಟು ಬೇಕಿತ್ತು.

ಕಪಾಟು ತರಿಸಲು ಹೋದರೆ ಕಂಪನಿಯ ಕಂಪ್ಯೂಟರು ಒಪ್ಪಲಿಲ್ಲ. ಕೋಪರಖೈರಣೆ ಮುಚ್ಚಿದ ಸೈಟು. ಮುಚ್ಚಿದ ಸೈಟಿಗೆ ಸಾಮಾನು ಬರುವುದಿಲ್ಲ. ತೆರೆಯಬೇಕೆಂದರೆ ಸೈಟ್ ಇನ್‌ಚಾರ್ಜ್ ಎಂದು ಯಾರದಾದರೂ ಹೆಸರು ಹಾಕಬೇಕು, ಅವರು ಅಲ್ಲೇ ಕೂರುವವರಾಗಿರಬೇಕು.

"ಅಲ್ಲಿ ಕೂಡೂದು ಯಾರ್ರೀ?" ಎಂದರು ಸಾಹೇಬರು.

"ಆ ಅಕ್ಕ, ಅವರ ಅತ್ತೆ."

"ಅಕ್ಕಾರ ಹೆಸರು ಹಾಕಿ ಬಿಡ್ರಿ. ಕಪಾಟು ಬಂದ ಮ್ಯಾಲೆ ತಗದ್ರಾತು."

ಕಪಾಟು ಬಂತು. ಆದರೆ ಹೆಸರು ತೆಗೆಯುವ ಮೊದಲೇ ಕಂಪ್ಯೂಟರು ಅವರನ್ನು ಗುರುತು ಹಿಡಿದುಬಿಟ್ಟಿತ್ತು. ಅವರಿಗೆ ಗುರುತಿನ ಚೀಟಿ ಬಂತು. ಹಳದಿ ಹೆಲ್ಮೆಟ್ಟು ಮತ್ತು ಹೊಳೆಯುವ ಪಟ್ಟಿಯ ಜಾಕೀಟು ಬಂತು. ಹೆಲ್ಮೆಟ್ಟನ್ನು ಅವರು ಈರುಳ್ಳಿ ಹಾಕಿಡಲು ಇಟ್ಟುಕೊಂಡರು. ಒಂದು ದಿನ ಥಾಣೆಯಿಂದ ಇಬ್ಬರು ಬಂದು ಸೀಟಿ ಊದಿ, ಬೆಂಕಿ ಬಿದ್ದರೆ ಹೇಗೆ ಹೊರಗೆ ಬರಬೇಕು ಎಂದು ಅಭ್ಯಾಸ ಮಾಡಿಸಿದರು. ಅತ್ತೆ ಸೊಸೆ ಗಲ್ಲಿಯಲ್ಲಿ ಸಾಲಾಗಿ ನಿಂತರು. ಏನೋ ಹಂಚುತ್ತಿದ್ದಾರೆಂದು ಅಕ್ಕಪಕ್ಕದವರೂ ಬಂದು ಹಿಂದೆ ನಿಂತರು. ಬಂದವರು ಎಲ್ಲರನ್ನೂ ಎಣಿಸಿ, ಈ ಸೈಟಿನಲ್ಲಿ ಜನ ಹೆಚ್ಚಾಗಿದ್ದಾರೆ, ಇನ್ನೊಂದು ಬಾಗಿಲು ಬೇಕು ಎಂದು ಬರೆದುಕೊಂಡು ಹೋದರು.

ಮೊಸರಿನ ವಿಷಯ ನನ್ನ ತಲೆಯ ಮೇಲೆಯೇ ಇತ್ತು. ಅಕ್ಕ ಸ್ವಿಚ್ಚಿನ ಮೇಲಿಂದ ಪಾತ್ರೆ ತೆಗೆದಿದ್ದರು, ಆದರೆ ಆ ಮಳೆಗಾಲದ ಮೊಸರು ನೀರುನೀರಾಗಿ, ಡಬ್ಬಿ ತರಿಸಿಕೊಳ್ಳುವವರು ಗೊಣಗುತ್ತಿದ್ದರು. ನಾನು "ಉಷ್ಣತೆ ಕಾಪಾಡುವ ಸಾಧನ" ಎಂದು ಬೇಡಿಕೆ ಹಾಕಿದೆ. ಯಾರೂ ಒಂದು ಪ್ರಶ್ನೆ ಕೇಳದೆ ದೊಡ್ಡ ಥರ್ಮೋಕೋಲಿನ ಪೆಟ್ಟಿಗೆ ಮಂಜೂರಾಯಿತು. ನಾನು ಆ ಕಂಪನಿಯಲ್ಲಿ ಬೇಡಿದ್ದು ಅಷ್ಟು ಬೇಗ ಸಿಕ್ಕಿದ್ದು ಅದೊಂದೇ.

ಪ್ರತಿ ಸೋಮವಾರ ಬೆಳಿಗ್ಗೆ ಎಲ್ಲ ಸೈಟುಗಳವರೂ ಫೋನಿನಲ್ಲಿ ಸೇರಿ ವರದಿ ಕೊಡುವ ಕ್ರಮವಿತ್ತು. ಅಕ್ಕನಿಗೂ ಕರೆ ಹೋಯಿತು. ಮೊದಲ ಸಲ ಅವರು ಹೆದರಿಕೊಂಡು ಬರೀ "ಸಬ್ ಠೀಕ್ ಹೈ" ಎಂದರು. ಎರಡನೆಯ ಸಲ ಕಲ್ಯಾಣದವರು ಇಲಿ, ಕರೆಂಟು, ತೇವ ಎಂದು ಉದ್ದಕ್ಕೆ ಕಾರಣ ಹೇಳುತ್ತಿದ್ದಾಗ ಮಧ್ಯೆ ಬಾಯಿ ಹಾಕಿ, "ಭೈಯಾ, ದೀಪ ಉರೀತಾ ಇದ್ಯಾ ಇಲ್ವಾ, ಅಷ್ಟು ಹೇಳಿ" ಎಂದು ಹಿಂದಿಯಲ್ಲೇ ಕೇಳಿದರು. ಉರಿಯುತ್ತಿದೆ ಎಂದು ಹೇಳಿ ಕಲ್ಯಾಣದವರು ಮಾತು ಮುಗಿಸಿದರು. ಅಂದಿನಿಂದ ಆ ಸೋಮವಾರದ ಸಭೆ ಅರ್ಧ ಹೊತ್ತಿನಲ್ಲಿ ಮುಗಿಯತೊಡಗಿತು. ಸಾಹೇಬರು ನನಗೆ ಗುಟ್ಟಾಗಿ, "ಅಕ್ಕಾರನ್ನ ಥಾಣೆಗೆ ಟ್ರಾನ್ಸ್‌ಫರ್ ಮಾಡೂಣೇನ್ರೀ?" ಎಂದರು. ಅದು ತಮಾಷೆಯೋ ಅಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ.

ಮಳೆ ನಿಂತ ಮೇಲೆ ರಸ್ತೆ ಅಗೆದರು. ಕಾಮೋಠೆಗೆ ಬೇರೆ ಲೈನು ಬಂತು. ನಾನು ಕೋಪರಖೈರಣೆಗೆ ಹೋಗಿ ರೌಟರು, ಸ್ವಿಚ್ಚು ಬಿಚ್ಚಿ ಚೀಲಕ್ಕೆ ಹಾಕಿಕೊಂಡೆ. ಫ್ಯಾನಿನ ಸದ್ದು ನಿಂತಾಗ ಅತ್ತೆ ಎಚ್ಚರವಾಗಿ, "ಎಂತ ಆಯ್ತ್?" ಎಂದು ಗಾಬರಿಯಿಂದ ಕೇಳಿದರು. ಸೈಟು ಮತ್ತೆ ಮುಚ್ಚಬೇಕೆಂದರೆ ಇನ್‌ಚಾರ್ಜ್ ರಾಜೀನಾಮೆ ಕೊಡಬೇಕಿತ್ತು. ನಾನು ಅದನ್ನು ಹೇಳಿದೆ.

"ನಾನೆಂತಕೆ ರಾಜೀನಾಮೆ ಕೊಡೂದ್? ನನ್ನಿಂದೆಂತ ತಪ್ಪಾಯ್ತ್?" ಎಂದರು ಅಕ್ಕ. ಮುಖ ನಿಜವಾಗಿಯೂ ಸಣ್ಣದಾಗಿತ್ತು.

ನಾನು ವಾಪಸು ಬಂದು, ರಾಜೀನಾಮೆ ಸಿಗಲಿಲ್ಲ ಎಂದೆ. ಸಾಹೇಬರು ಪೆನ್ನು ತಿರುಗಿಸುತ್ತ ಕೂತು, "ಹಂಗಾದ್ರ ಇರ್ಲಿ ಬಿಡ್ರಿ" ಎಂದರು.

ಹೀಗೆ ಕೋಪರಖೈರಣೆ ಒಂದು ಮಿಶಿನೂ ಇಲ್ಲದ ಸೈಟಾಗಿ ಮುಂದುವರಿಯಿತು. ಮುಂದಿನ ಆಷಾಢದ ಒಂದು ಸೋಮವಾರ ಎಲ್ಲರೂ ಫೋನಿನಲ್ಲಿದ್ದೆವು. ಡೊಂಬಿವಲಿಯವರದು ಆಯಿತು, ಕಲ್ಯಾಣದವರು ಮಾತಾಡುತ್ತಿದ್ದರು. ಅಕ್ಕ ಹಿಂದಿಯಲ್ಲಿ ಮಾತು ತಡೆದರು. "ನನ್ನ ಡಬ್ಬಿ ಒಯ್ಯೋರು ಈಗ ವಾಪಸ್ ಬಂದ್ರು. ಪಕ್ಕದ ಸ್ಟೇಷನ್ ಘಣಸೋಲಿ ಹತ್ರ ಹಳಿ ಮೇಲೆ ನೀರು ಬಂದಿದೆಯಂತೆ, ಇನ್ನು ಗಾಡಿಗಳು ನಿಲ್ತವೆ. ದೂರ ಹೋಗೋರೆಲ್ಲ ಈಗ್ಲೇ ಹೊರಡಿ."

ಕಿಟಕಿಯ ಹೊರಗೆ ಥಾಣೆಯಲ್ಲಿ ಇನ್ನೂ ತುಂತುರು ಮಾತ್ರ ಬೀಳುತ್ತಿತ್ತು. ಸಾಹೇಬರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. "ಮೀಟಿಂಗ್ ಮುಗೀತ್ರೀ, ಎಲ್ಲಾರೂ ಮನಿಗೆ ನಡೀರಿ," ಎಂದು ಅವರು ಕೊಡೆ ಹುಡುಕತೊಡಗಿದರು. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಸ್ಟೇಷನ್ನಿನ ಸೇತುವೆ ಇಳಿದು ಓಡಿ, ನನ್ನ ಡೊಂಬಿವಲಿಯ ಮೇಲೆ ಕಲ್ಯಾಣದ ಕಡೆಗೆ ಹೊರಟಿದ್ದ ಗಾಡಿಯ ಹೆಂಗಸರ ಡಬ್ಬಿಯಲ್ಲಿ ಒಂದು ಕಾಲಿಡುವಷ್ಟು ಜಾಗ ಮಾಡಿಕೊಂಡೆ.